ಮಗುವಿನ ಮಾತು ಆವರಣದೊಳಗೇ ಉಳಿಯದಿರಲಿ

2022ರ ಆಗಸ್ಟ್ 26ರಂದು ಮೈಸೂರಿನ ನಜರ್‌ಬಾದ್ ಠಾಣೆಯಲ್ಲಿ ಲೈಂಗಿಕ ದೌರ್ಜನ್ಯದ ಒಂದು ದೂರು ದಾಖಲಾಯಿತು. ಆರೋಪ ಚಿತ್ರದುರ್ಗದ ಮುರುಘಾ ಮಠದ ಪೀಠದಲ್ಲಿದ್ದ ಶಿವಮೂರ್ತಿ ಮುರುಘಾ ಶರಣರ ಮೇಲೆ. ನೊಂದೆವೆಂದು ಹೇಳಿದವರು ಮಠದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಹೆಣ್ಣುಮಕ್ಕಳು. ಅವರಿಗೆ ನೆರವಾದದ್ದು ಮೈಸೂರಿನ ಒಡನಾಡಿ ಸೇವಾ ಸಂಸ್ಥೆ. ಪ್ರಕರಣ ಚಿತ್ರದುರ್ಗಕ್ಕೆ ವರ್ಗವಾಯಿತು. ಸೆಪ್ಟೆಂಬರ್ 1ರಂದು ಶರಣರ ಬಂಧನವಾಯಿತು. ಜಾಮೀನು ಸಿಕ್ಕಿತು, ಅದಕ್ಕೆ ತಡೆ ಬಿತ್ತು, ಮತ್ತೆ ಸಿಕ್ಕಿತು. ಮೂರು ವರ್ಷಗಳ ನಂತರ, 2025ರ ನವೆಂಬರಿನಲ್ಲಿ, ಚಿತ್ರದುರ್ಗದ ನ್ಯಾಯಾಲಯ ಆ ಪ್ರಕರಣದಲ್ಲಿ ಅವರನ್ನು ಖುಲಾಸೆ ಮಾಡಿತು.

ಆ ತೀರ್ಪನ್ನು ಗೌರವಿಸಿಯೇ ಈ ಮಾತು ಬರೆಯುತ್ತಿದ್ದೇನೆ. ನ್ಯಾಯಾಲಯ ಬಿಡುಗಡೆ ಮಾಡಿದವರನ್ನು ತಪ್ಪಿತಸ್ಥರೆನ್ನುವ ಹಕ್ಕು ನನಗಿಲ್ಲ, ನಿಮಗೂ ಇಲ್ಲ. ನನ್ನನ್ನು ಕಾಡುತ್ತಿರುವುದು ಬೇರೆಯೇ ಒಂದು ಸಂಗತಿ. ಆ ಮಕ್ಕಳ ಮಾತು ಚಿತ್ರದುರ್ಗದ್ದು. ಆದರೆ ಅದು ಕಾಗದದ ಮೇಲೆ ದೂರಾಗಿ ಇಳಿದದ್ದು ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಮೈಸೂರಿನಲ್ಲಿ. ಆರೋಪ ಸಾಬೀತಾಗುವುದು, ಆಗದಿರುವುದು ಕೋರ್ಟಿಗೆ ಬಿಟ್ಟದ್ದು. ಮಕ್ಕಳ ಮಾತು ಕೇಳುವ ಕಿವಿ ಅವರ ಊರಿನ ಹತ್ತಿರವೇ ಇರಬೇಕಾಗಿತ್ತು ಎನ್ನುವುದನ್ನು ಮಾತ್ರ ಯಾವ ತೀರ್ಪೂ ಅಲ್ಲಗಳೆಯುವುದಿಲ್ಲ.

ಕಡೂರು, ತರೀಕೆರೆ ಕಡೆಯ ನಮಗೆ ಚಿತ್ರದುರ್ಗ ಪರಸ್ಥಳವಲ್ಲ. ಬೀರೂರಿನಿಂದ ಅಜ್ಜಂಪುರ, ಶಿವನಿಯ ಮೇಲೆ ಹೋಗುವ ರೈಲು ಮುಂದೆ ಆ ಜಿಲ್ಲೆಯನ್ನೇ ಹಾದುಹೋಗುತ್ತದೆ. ಕಡೂರು ಸೀಮೆಯ ಮಳೆ ಕಾಣದ ಹಳ್ಳಿಗಳಿಂದ ಎಷ್ಟೋ ಮಕ್ಕಳು ಮಠದ ಹಾಸ್ಟೆಲುಗಳಿಗೆ, ಚರ್ಚಿನ ಬೋರ್ಡಿಂಗುಗಳಿಗೆ, ಮದರಸಾಗಳಿಗೆ, ಆಶ್ರಮದ ಶಾಲೆಗಳಿಗೆ ಹೋಗಿ ಓದುತ್ತಾರೆ. ಆ ಸಂಸ್ಥೆಗಳು ಇಲ್ಲದಿದ್ದರೆ ನಮ್ಮ ಎರಡು ಮೂರು ತಲೆಮಾರು ಅಕ್ಷರ ಕಾಣುತ್ತಿರಲಿಲ್ಲ. ಈ ಋಣವನ್ನು ನಾನು ಮರೆತಿಲ್ಲ. ಋಣವಿದೆ ಎಂಬ ಕಾರಣಕ್ಕೇ ನಾವು ಕೆಲವು ಪ್ರಶ್ನೆಗಳನ್ನು ನುಂಗಿಕೊಂಡಿದ್ದೇವೆ ಎಂಬುದೂ ನನಗೆ ಗೊತ್ತು.

ಕಡೂರು, ತರೀಕೆರೆ, ಅಜ್ಜಂಪುರದ ಬಂಧುಗಳೇ, ಈ ಮನವಿ ಎಲ್ಲ ಮತದವರಿಗೂ ಸೇರಿದ್ದು. ಆದರೂ ಮೊದಲು ನಮ್ಮ ಕ್ರೈಸ್ತ ಬಂಧುಗಳೊಂದಿಗೆ ಮಾತನಾಡುತ್ತೇನೆ. ನೀವು ಈ ಊರುಗಳಲ್ಲಿ ಸಂಖ್ಯೆಯಲ್ಲಿ ಚಿಕ್ಕ ಸಮುದಾಯ. ಒಂದು ಆಪಾದನೆ ಹೊರಬಿದ್ದರೆ ಇಡೀ ಸಮುದಾಯಕ್ಕೇ ಮಸಿ ಬಳಿಯುವವರು ಕಾದು ಕುಳಿತಿರಬಹುದು ಎಂಬ ಅಂಜಿಕೆ ನಿಮಗಿದೆ. ಅದು ಹುಸಿ ಅಂಜಿಕೆಯಲ್ಲ. ಆದರೂ ಜಗತ್ತಿನಲ್ಲಿ ಈ ವಿಷಯವನ್ನು ಅತಿ ಹೆಚ್ಚು ನೋವುಂಡು ಕಲಿತದ್ದು ಚರ್ಚೇ. ಆ ಪಾಠ ಈಗ ಮಠಗಳಿಗೂ ಮಸೀದಿಗಳಿಗೂ ಬೇಕಾಗಿದೆ.

ಅಮೆರಿಕದ ಬಾಸ್ಟನ್ ನಗರದಲ್ಲಿ 2002ರಲ್ಲಿ ಹೊರಬಿದ್ದ ಸತ್ಯವನ್ನು ನೆನಪಿಸಿಕೊಳ್ಳಿ. ಮಕ್ಕಳಿಗೆ ಹಿಂಸೆ ಕೊಟ್ಟ ಪಾದ್ರಿಗಳ ವಿಷಯ ಮೇಲಿನವರಿಗೆ ತಿಳಿದಿತ್ತು. ಅವರು ಪೊಲೀಸರಿಗೆ ಹೇಳಲಿಲ್ಲ. ಪಾದ್ರಿಯನ್ನು ಒಂದು ಚರ್ಚಿನಿಂದ ಇನ್ನೊಂದಕ್ಕೆ ವರ್ಗ ಮಾಡಿದರು. ಹೊಸ ಊರಿನ ತಂದೆತಾಯಿಗೆ ಏನೂ ಗೊತ್ತಿರಲಿಲ್ಲ. ಅಲ್ಲಿಯ ಮಕ್ಕಳೂ ನೊಂದರು. ಆ ವರ್ಷ ಮುಗಿಯುವುದರೊಳಗೆ ಬಾಸ್ಟನ್ನಿನ ಆರ್ಚ್‌ಬಿಷಪ್ ಕಾರ್ಡಿನಲ್ ಬರ್ನಾರ್ಡ್ ಲಾ ಹುದ್ದೆ ಬಿಡಬೇಕಾಯಿತು. ಮುಂದೆ ಐರ್ಲೆಂಡ್, ಜರ್ಮನಿ, ಆಸ್ಟ್ರೇಲಿಯಾಗಳಲ್ಲಿ ಇದೇ ಕಥೆ ದಾಖಲಾಯಿತು. ಫ್ರಾನ್ಸಿನ ಸ್ವತಂತ್ರ ಆಯೋಗ 2021ರಲ್ಲಿ ವರದಿ ಕೊಟ್ಟಿತು. 1950ರಿಂದೀಚೆಗೆ ಆ ಒಂದೇ ದೇಶದಲ್ಲಿ ಪಾದ್ರಿಗಳಿಂದ ನೊಂದ ಮಕ್ಕಳು ಸುಮಾರು 2,16,000 ಎಂದು ಅದು ಅಂದಾಜು ಮಾಡಿತು. ಆ ಆಯೋಗವನ್ನು ನೇಮಿಸಲು ಕೇಳಿಕೊಂಡವರು ಅಲ್ಲಿಯ ಬಿಷಪ್ಪರೇ. ಸಂಸ್ಥೆಯೊಂದು ತನ್ನನ್ನು ತಾನೇ ಪರೀಕ್ಷೆಗೆ ಒಡ್ಡಿಕೊಂಡ ಈ ನಡೆಯನ್ನು ನಾನು ಗೌರವಿಸುತ್ತೇನೆ.

ನಮಗೆ ಹತ್ತಿರದ ಒಂದು ಪ್ರಕರಣ ಕೊಡಗಿನ ಗಡಿಯಾಚೆಯದು. ಕಣ್ಣೂರು ಜಿಲ್ಲೆಯ ಕೊಟ್ಟಿಯೂರು ನಮ್ಮವರೂ ಹರಕೆ ಹೊತ್ತು ಹೋಗುವ ಕ್ಷೇತ್ರ. ಅದೇ ಊರಿನ ಚರ್ಚಿನ ವಿಚಾರಣಾ ಗುರು ಫಾದರ್ ರಾಬಿನ್ ವಡಕ್ಕುಂಚೇರಿ ಅಲ್ಲಿಯ ಶಾಲೆಯ ವ್ಯವಸ್ಥಾಪಕರೂ ಆಗಿದ್ದರು. 2017ರ ಫೆಬ್ರವರಿಯಲ್ಲಿ ಹದಿಹರೆಯದ ಹುಡುಗಿಯೊಬ್ಬಳು ಮಗುವಿಗೆ ಜನ್ಮ ಕೊಟ್ಟಳು. ವಿಷಯ ಹೊರಬಂದಾಗ ಹುಡುಗಿಯ ತಂದೆಯೇ ಆ ತಪ್ಪನ್ನು ತನ್ನ ಮೇಲೆ ಹೊತ್ತುಕೊಂಡು ಹೇಳಿಕೆ ಕೊಟ್ಟರು. ಒಬ್ಬ ತಂದೆ ಗುರುವನ್ನು ಉಳಿಸಲು ಇಂಥ ಕಳಂಕವನ್ನು ಮೈಮೇಲೆ ಎಳೆದುಕೊಳ್ಳಬೇಕಾದರೆ ಅವರ ಮನಸ್ಸಿನ ಮೇಲಿದ್ದ ಭಾರ ಎಂಥದಿರಬೇಕು! ವಿಚಾರಣೆಯ ವೇಳೆ ಹುಡುಗಿಯೂ ತಾಯಿಯೂ ಪ್ರತಿಕೂಲ ಸಾಕ್ಷಿಗಳಾದರು. ಸತ್ಯ ನಿಂತದ್ದು ಡಿಎನ್‌ಎ ಪರೀಕ್ಷೆಯ ಬಲದಿಂದ. 2019ರ ಫೆಬ್ರವರಿಯಲ್ಲಿ ತಲಶ್ಶೇರಿಯ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ) ನ್ಯಾಯಾಲಯ ಪಾದ್ರಿಗೆ 20 ವರ್ಷ ಕಠಿಣ ಶಿಕ್ಷೆ ವಿಧಿಸಿತು. ಕೇರಳ ಹೈಕೋರ್ಟ್ ಮುಂದೆ ಅದನ್ನು 10 ವರ್ಷಕ್ಕೆ ಇಳಿಸಿತು, ಅಪರಾಧವನ್ನು ಎತ್ತಿಹಿಡಿಯಿತು. ಈ ನಡುವೆ ಪೋಪ್ ಆ ಪಾದ್ರಿಯನ್ನು ಗುರುಪದವಿಯಿಂದಲೇ ವಜಾ ಮಾಡಿದ್ದರು. ಪಾದ್ರಿಗೂ ಆ ಹುಡುಗಿಗೂ ಮದುವೆಯಾಗಲು ಅನುವು ಕೊಡಿ ಎಂಬ ಬೇಡಿಕೆಯೂ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2021ರ ಆಗಸ್ಟಿನಲ್ಲಿ ಅದನ್ನು ನ್ಯಾಯಾಲಯ ತಳ್ಳಿಹಾಕಿತು.

ಇದು ಹೆಣ್ಣುಮಕ್ಕಳ ಮಾತು ಮಾತ್ರ ಎಂದುಕೊಳ್ಳಬೇಡಿ. ಮುಂಬಯಿಯಲ್ಲಿ 13 ವರ್ಷದ ಹುಡುಗನೊಬ್ಬನ ಮೇಲಾದ ದೌರ್ಜನ್ಯಕ್ಕೆ ಕುಟುಂಬ 2015ರಲ್ಲಿ ದೂರು ಕೊಟ್ಟಿತು. 2021ರ ಡಿಸೆಂಬರಿನಲ್ಲಿ ಅಲ್ಲಿಯ ಪಾದ್ರಿಗೆ ಜೀವಾವಧಿ ಶಿಕ್ಷೆಯಾಯಿತು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ 13 ರಾಜ್ಯಗಳ ಹನ್ನೆರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮಾತನಾಡಿಸಿ ಒಂದು ಅಧ್ಯಯನ ಪ್ರಕಟಿಸಿತು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. ಗಂಡುಮಕ್ಕಳೂ ಅವರಲ್ಲಿದ್ದರು. ಹಿಂಸಿಸಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು, ಮಗು ನಂಬಿದವರು. ಹೆಚ್ಚಿನ ಮಕ್ಕಳು ಯಾರಿಗೂ ಹೇಳಿರಲಿಲ್ಲ.

ಮಗು ಯಾಕೆ ಹೇಳುವುದಿಲ್ಲ? ಗುರುಗಳು ಮನೆಗೆ ಬಂದರೆ ಅಪ್ಪ ಎದ್ದು ನಿಲ್ಲುತ್ತಾನೆ. ಅಜ್ಜಿ ಕಾಲಿಗೆ ಬೀಳುತ್ತಾಳೆ. ಅಮ್ಮ ಒಳ್ಳೆಯ ಲೋಟ ಹುಡುಕಿ ಕಾಫಿ ಕೊಡುತ್ತಾಳೆ. ಇದನ್ನೆಲ್ಲ ನೋಡಿ ಬೆಳೆದ ಮಗುವಿಗೆ ಆ ವ್ಯಕ್ತಿಯ ಬಗ್ಗೆ ತಾನು ಏನು ಹೇಳಿದರೂ ಯಾರೂ ನಂಬುವುದಿಲ್ಲ ಎಂದು ಅನ್ನಿಸುತ್ತದೆ. ಎಷ್ಟೋ ಸಲ ಅದರ ಎಣಿಕೆ ನಿಜವೂ ಆಗುತ್ತದೆ. ನೀವು ಗುರುಗಳಿಗೆ ಕೊಡುವ ಮರ್ಯಾದೆಯನ್ನು ಕಡಿಮೆ ಮಾಡಿ ಎಂದು ನಾನು ಕೇಳುತ್ತಿಲ್ಲ. ಇವತ್ತು ಸಂಜೆ ಮಗುವನ್ನು ಹತ್ತಿರ ಕೂರಿಸಿಕೊಂಡು ಇಷ್ಟು ಹೇಳಿ: ‘ನಿನ್ನ ಮೈ ಮುಟ್ಟಿ ನಿನಗೆ ಹಿಂಸೆ ಮಾಡುವ ಹಕ್ಕು ಯಾರಿಗೂ ಇಲ್ಲ. ಫಾದರ್ ಆಗಲಿ, ಸ್ವಾಮಿಗಳಾಗಲಿ, ಮೇಷ್ಟ್ರಾಗಲಿ, ಮಾವನಾಗಲಿ. ಯಾರ ವಿಷಯ ಹೇಳಿದರೂ ನಾನು ನಿನ್ನನ್ನು ಬೈಯುವುದಿಲ್ಲ.’ ಇಷ್ಟು ಮಾತು ಒಮ್ಮೆ ಕಿವಿಗೆ ಬಿದ್ದರೆ ಮಗುವಿನ ಮನಸ್ಸಿನಲ್ಲಿ ಅದು ಉಳಿದುಕೊಳ್ಳುತ್ತದೆ.

ಅಕಸ್ಮಾತ್ ಮಗು ಏನಾದರೂ ಹೇಳಿತು ಎನ್ನಿ. ದಯವಿಟ್ಟು ಕೇಳಿಸಿಕೊಳ್ಳಿ. ನಡುವೆ ಬಾಯಿ ಹಾಕಬೇಡಿ. ‘ನೀನು ಯಾಕೆ ಅಲ್ಲಿಗೆ ಹೋದೆ’ ಎಂದು ಕೇಳಬೇಡಿ. ಅಜ್ಜಿಯ ಮುಂದೊಮ್ಮೆ, ದೊಡ್ಡಪ್ಪನ ಮುಂದೊಮ್ಮೆ ಅದೇ ಕಥೆ ಹೇಳಿಸಬೇಡಿ. ‘ಯಾರಿಗೂ ಹೇಳುವುದಿಲ್ಲ’ ಎಂಬ ಭಾಷೆಯನ್ನೂ ಕೊಡಬೇಡಿ, ಏಕೆಂದರೆ ನೀವು ಹೇಳಲೇಬೇಕಾಗುತ್ತದೆ. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ, ದಿನಾಂಕ ಹಾಕಿ ಬರೆದಿಡಿ. ಘಟನೆ ಈಚಿನದಾಗಿದ್ದರೆ ಬಟ್ಟೆ ಒಗೆಯಬೇಡಿ, ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಎಫ್‌ಐಆರ್ ತನ್ನಿ, ಆಮೇಲೆ ನೋಡೋಣ ಎಂದು ಯಾವ ಆಸ್ಪತ್ರೆಯೂ ಹೇಳುವಂತಿಲ್ಲ. ಚಿಕಿತ್ಸೆ ಉಚಿತ. ಹೆಣ್ಣುಮಗುವಾದರೆ ಮಹಿಳಾ ವೈದ್ಯರೇ, ಮಗು ನಂಬುವವರೊಬ್ಬರ ಎದುರಿನಲ್ಲೇ ಪರೀಕ್ಷಿಸಬೇಕು.

ಪೋಕ್ಸೊ ಕಾಯಿದೆ 2012ರ ನವೆಂಬರ್ 14ರಂದು, ಮಕ್ಕಳ ದಿನದಂದೇ, ಜಾರಿಗೆ ಬಂತು. ಅದರ 19ನೇ ಕಲಮನ್ನು ನೀವೆಲ್ಲರೂ ತಿಳಿದಿರಬೇಕು ಎಂದು ನನ್ನ ಆಸೆ. ಮಗುವಿನ ಮೇಲೆ ಇಂಥ ಅಪರಾಧ ನಡೆದಿದೆ ಎಂದು ತಿಳಿದವರು, ನಡೆಯಬಹುದು ಎಂಬ ಶಂಕೆ ಇರುವವರು ಕೂಡ, ಪೊಲೀಸರಿಗೆ ತಿಳಿಸಲೇಬೇಕು. ಇದು ತಂದೆತಾಯಿಗೆ ಮಾತ್ರ ಹೇಳಿದ್ದಲ್ಲ. ಅಡುಗೆಯವರು, ವಾರ್ಡನ್, ಶಿಕ್ಷಕಿ, ವೈದ್ಯರು, ಸಿಸ್ಟರ್, ಬಿಷಪ್, ಮಠದ ಕಾರ್ಯದರ್ಶಿ ಎಲ್ಲರಿಗೂ ಇದೇ ಕರ್ತವ್ಯ. ಧರ್ಮಗುರುಗಳಿಗೆಂದು ಕಾಯಿದೆಯಲ್ಲಿ ವಿನಾಯಿತಿ ಬರೆದಿಲ್ಲ. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆ ಆಗಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಸದ್ಭಾವನೆಯಿಂದ ತಿಳಿಸಿದವರಿಗೆ, ಮುಂದೆ ಆರೋಪ ಸಾಬೀತಾಗದೆ ಹೋದರೂ, ತೊಂದರೆಯಿಲ್ಲ. ಕಾಯಿದೆಯೇ ಅವರ ಬೆನ್ನಿಗಿದೆ. ದ್ವೇಷದಿಂದ ಸುಳ್ಳು ದೂರು ಕೊಟ್ಟ ದೊಡ್ಡವರಿಗೆ ಶಿಕ್ಷೆಯುಂಟು. ಮಗುವಿಗೆ ಆ ಶಿಕ್ಷೆ ಇಲ್ಲ. ಧಾರ್ಮಿಕ ಅಥವಾ ಶಿಕ್ಷಣ ಸಂಸ್ಥೆಯ ಆಡಳಿತದಲ್ಲಿ, ಕೆಲಸದಲ್ಲಿ ಇರುವವರು ತಮ್ಮ ಆಶ್ರಯದ ಮಗುವಿನ ಮೇಲೆ ಅತ್ಯಾಚಾರ ಎಸಗಿದರೆ, 2019ರ ತಿದ್ದುಪಡಿಯ ಪ್ರಕಾರ, ಶಿಕ್ಷೆ 20 ವರ್ಷಕ್ಕೆ ಕಡಿಮೆ ಇರುವಂತಿಲ್ಲ. ನಂಬಿಕೆಯ ಜಾಗದಲ್ಲಿದ್ದು ಮಾಡಿದ ಅಪರಾಧ ಹೆಚ್ಚು ಘೋರ ಎಂದೇ ಕಾಯಿದೆ ಭಾವಿಸಿದೆ.

ಠಾಣೆ ಎಂದರೆ ನಮ್ಮ ಜನಕ್ಕೆ ಅಳುಕು. ಮಗುವನ್ನು ಅಲ್ಲಿ ಕೂರಿಸುತ್ತಾರೆ, ಊರೆಲ್ಲ ನೋಡುತ್ತದೆ ಎಂಬ ಚಿಂತೆ. ಹಾಗಾಗಬೇಕಿಲ್ಲ. ಮಗುವಿನ ಹೇಳಿಕೆಯನ್ನು ಮನೆಯಲ್ಲಿಯೋ ಮಗು ಬಯಸಿದ ಜಾಗದಲ್ಲಿಯೋ ಬರೆದುಕೊಳ್ಳಬೇಕು. ಬರೆದುಕೊಳ್ಳುವವರು ಆದಷ್ಟೂ ಮಹಿಳಾ ಸಬ್‌ಇನ್‌ಸ್ಪೆಕ್ಟರ್ ಆಗಿರಬೇಕು. ಅವರು ಸಮವಸ್ತ್ರದಲ್ಲಿ ಬರಬಾರದು. ರಾತ್ರಿ ಮಗುವನ್ನು ಠಾಣೆಯಲ್ಲಿ ಉಳಿಸಿಕೊಳ್ಳುವಂತಿಲ್ಲ. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವಿಷಯ ಮುಟ್ಟಿಸಬೇಕು. ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯಬೇಕು, ಆರೋಪಿಯ ಮುಖಕ್ಕೆ ಮಗುವನ್ನು ಎದುರಾಗಿಸಬಾರದು. ಇವೆಲ್ಲ ಯಾರೋ ತೋರುವ ದಯೆಯಲ್ಲ, ಮಗುವಿನ ಹಕ್ಕು. ನಡೆಯದಿದ್ದರೆ ನೀವು ಗಟ್ಟಿಯಾಗಿ ಕೇಳಬಹುದು.

ಊರಿನ ಠಾಣೆಯಲ್ಲಿ ಹೇಳಲು ಮುಜುಗರವಾದರೆ ಇನ್ನೊಂದು ದಾರಿಯಿದೆ. ಅಪರಾಧ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಎಲ್ಲಿ ಬೇಕಾದರೂ ದೂರು ಕೊಡಬಹುದು. ಅದನ್ನು ಝೀರೋ ಎಫ್‌ಐಆರ್ ಎನ್ನುತ್ತಾರೆ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇದನ್ನು ಸ್ಪಷ್ಟವಾಗಿ ಹೇಳಿದೆ. ಅಜ್ಜಂಪುರದ ಕುಟುಂಬ ಬೀರೂರಿನಲ್ಲಿ ದೂರು ಕೊಡಬಹುದು, ತರೀಕೆರೆಯವರು ಚಿಕ್ಕಮಗಳೂರಿನಲ್ಲಿ ಕೊಡಬಹುದು. ಆಸಾರಾಂ ಬಾಪು ಎಂಬ ಧರ್ಮಗುರುವಿನ ವಿರುದ್ಧ 2013ರಲ್ಲಿ ಹುಡುಗಿಯೊಬ್ಬಳ ದೂರು ದಾಖಲಾದದ್ದು ದೆಹಲಿಯಲ್ಲಿ. ಘಟನೆ ನಡೆದದ್ದು ಜೋಧಪುರದ ಬಳಿ. ಆ ಹುಡುಗಿಯ ತಂದೆ ಅದೇ ಬಾಪು ಅವರ ನಿಷ್ಠಾವಂತ ಭಕ್ತರಾಗಿದ್ದವರು. ಮಗಳ ಮಾತು ಕೇಳಿ ಅವರು ಪೊಲೀಸರ ಬಳಿ ಹೋದರು. ಬೆದರಿಕೆಗಳನ್ನು ತಡೆದುಕೊಂಡರು. 2018ರ ಏಪ್ರಿಲ್‌ನಲ್ಲಿ ಜೋಧಪುರದ ನ್ಯಾಯಾಲಯ ಆಸಾರಾಮರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆ ತಂದೆಯನ್ನು ನಾನು ನಿಜವಾದ ಭಕ್ತರೆಂದೇ ಎಣಿಸುತ್ತೇನೆ.

ಇನ್ನು ರಾಜಿಯ ಮಾತು. ನಮ್ಮ ಹಳ್ಳಿಗಳಲ್ಲಿ ಹಿರಿಯರು ಕೂತು ಜಗಳ ಬಗೆಹರಿಸುವ ಸಂಪ್ರದಾಯ ಒಳ್ಳೆಯದೇ. ಬದುವಿನ ಜಗಳ, ಭಾಗದ ಜಗಳ ಅಲ್ಲಿ ಮುಗಿಯಲಿ. ಮಗುವಿನ ಮೇಲಿನ ದೌರ್ಜನ್ಯವನ್ನು ಮಾತ್ರ ಆ ಜಗಲಿಗೆ ತರಬೇಡಿ. ‘ಹುಡುಗಿಯ ಭವಿಷ್ಯ ನೋಡಿ’, ‘ಮಠದ ಮಾನ ಹೋಗುತ್ತೆ’, ‘ಗುರುಗಳನ್ನು ಬೇರೆ ಊರಿಗೆ ಕಳಿಸಿದರೆ ಆಯ್ತಲ್ಲ’ ಎಂದು ಹೇಳುವವರು ಕೆಟ್ಟವರೇ ಆಗಿರಬೇಕೆಂದಿಲ್ಲ. ಒಳ್ಳೆಯದೆಂದೇ ಹೇಳುತ್ತಾರೆ. ಆದರೆ ಬೇರೆ ಊರಿನಲ್ಲೂ ಮಕ್ಕಳಿದ್ದಾರೆ. ರಾಜಸ್ಥಾನದ ಶಿಕ್ಷಕನೊಬ್ಬ ವಿದ್ಯಾರ್ಥಿನಿಯ ತಂದೆಯೊಂದಿಗೆ ರಾಜಿ ಮಾಡಿಕೊಂಡು ಪ್ರಕರಣ ರದ್ದು ಮಾಡಿಸಿಕೊಂಡಿದ್ದ. 2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆ ರದ್ದತಿಯನ್ನೇ ರದ್ದು ಮಾಡಿತು. ಇಂಥ ಅಪರಾಧ ಎರಡು ಮನೆಗಳ ಖಾಸಗಿ ವ್ಯವಹಾರವಲ್ಲ, ಸಮಾಜಕ್ಕೆ ಎದುರಾದ ಅಪರಾಧ ಎಂದಿತು.

ಪಾಲನಾ ಸಮಿತಿಗಳಲ್ಲಿ, ಸಭೆಯ ಹಿರಿಯರ ಸಾಲಿನಲ್ಲಿ, ಮಠಗಳ ಟ್ರಸ್ಟುಗಳಲ್ಲಿ, ಜಮಾತಿನಲ್ಲಿ ಇರುವವರೇ, ನಿಮ್ಮ ಕೈಯಲ್ಲಿ ಹೆಚ್ಚಿನದಿದೆ. ಪೋಪ್ ಫ್ರಾನ್ಸಿಸ್ 2019ರ ಮೇ ತಿಂಗಳಲ್ಲಿ ಒಂದು ನಿಯಮ ತಂದರು. ಪ್ರತಿ ಧರ್ಮಕ್ಷೇತ್ರವೂ ದೂರು ಕೊಡಲು ಎಲ್ಲರಿಗೂ ಸುಲಭವಾಗಿ ಸಿಗುವ ವ್ಯವಸ್ಥೆ ಮಾಡಬೇಕು, ವಿಷಯ ತಿಳಿದ ಗುರುಗಳೂ ಸಿಸ್ಟರುಗಳೂ ವರದಿ ಮಾಡಲೇಬೇಕು, ಮುಚ್ಚಿಟ್ಟ ಬಿಷಪ್ಪರೂ ವಿಚಾರಣೆಗೆ ಒಳಗಾಗಬೇಕು ಎಂದರು. ಅದೇ ವರ್ಷದ ಡಿಸೆಂಬರಿನಲ್ಲಿ ಇಂಥ ಪ್ರಕರಣಗಳ ಮೇಲಿದ್ದ ಗೋಪ್ಯತೆಯ ಮುದ್ರೆಯನ್ನು ತೆಗೆದರು. ನಮ್ಮ ಕಥೋಲಿಕ ಚರ್ಚುಗಳು ಚಿಕ್ಕಮಗಳೂರು ಧರ್ಮಕ್ಷೇತ್ರಕ್ಕೆ ಸೇರಿದವು. ಆ ವ್ಯವಸ್ಥೆ ಯಾರ ಕೈಯಲ್ಲಿದೆ, ಫೋನ್ ಸಂಖ್ಯೆ ಎಲ್ಲಿ ಬರೆದಿದೆ ಎಂದು ಮುಂದಿನ ಸಭೆಯಲ್ಲಿ ವಿನಯದಿಂದ ಕೇಳಿ. ಬಿಷಪ್ಪರಿಗೆ ಪತ್ರ ಬರೆಯಿರಿ. ಚರ್ಚಿನ ಒಳಗಿನ ತನಿಖೆ ಪೊಲೀಸರ ತನಿಖೆಗೆ ಬದಲಿಯಲ್ಲ ಎಂಬುದನ್ನು ಎಲ್ಲರಿಗೂ ತಿಳಿಸಿ. ಬೇರೆ ಮತಗಳಲ್ಲಿ ಹೀಗೆ ಮೇಲಿನಿಂದ ಇಳಿದುಬರುವ ನಿಯಮ ಇಲ್ಲದಿರಬಹುದು. ಟ್ರಸ್ಟಿನವರು ಮನಸ್ಸು ಮಾಡಿದರೆ ಒಂದು ಪುಟದ ನಿಯಮ ಬರೆಯಲು ಒಂದು ಸಂಜೆ ಸಾಕು. ಹಾಸ್ಟೆಲಿನಲ್ಲಿ ಮಕ್ಕಳು ರಾತ್ರಿ ಯಾರ ಕೋಣೆಗೂ ಒಂಟಿಯಾಗಿ ಹೋಗಬೇಕಾಗಬಾರದು. ತಂದೆತಾಯಿಗೆ ಫೋನ್ ಮಾಡಲು ವಾರ್ಡನ್ ಅನುಮತಿ ಬೇಕಾಗಬಾರದು. ಧರ್ಮೋಪದೇಶದ ತರಗತಿಯ ಬಾಗಿಲು ತೆರೆದಿರಲಿ. ಆಪಾದನೆ ಬಂದವರು ತನಿಖೆ ಮುಗಿಯುವವರೆಗೆ ಮಕ್ಕಳಿಂದ ದೂರ ಇರಲಿ.

ಪೂಜ್ಯ ಗುರುಗಳೇ, ನಿಮ್ಮಲ್ಲೂ ಒಂದು ಬಿನ್ನಹ. ನಿಮ್ಮಲ್ಲಿ ಬಹಳ ಮಂದಿ ಶುದ್ಧವಾಗಿ ಬದುಕುತ್ತಿದ್ದೀರಿ, ಮಕ್ಕಳನ್ನು ನಿಮ್ಮ ಮಕ್ಕಳೆಂದೇ ಕಾಣುತ್ತಿದ್ದೀರಿ. ಈ ನಿಯಮಗಳನ್ನು ಅವಮಾನವೆಂದು ತಿಳಿಯಬೇಡಿ. ನ್ಯಾಯವಾದ ತನಿಖೆ ನಿರಪರಾಧಿಯಾದ ಗುರುವಿಗೂ ರಕ್ಷೆ. ಗುಸುಗುಸು ಮಾತ್ರ ಯಾರನ್ನೂ ಬಿಡುವುದಿಲ್ಲ. ಒಂದು ಭಾನುವಾರದ ಬಲಿಪೂಜೆಯಲ್ಲಿ, ಒಂದು ಹುಣ್ಣಿಮೆಯ ಪ್ರವಚನದಲ್ಲಿ, ಒಂದು ಶುಕ್ರವಾರದ ಬಯಾನಿನಲ್ಲಿ ನೀವೇ ಈ ವಿಷಯ ಎತ್ತಿ. ‘ನಮ್ಮ ಬಗ್ಗೆಯೂ ಮಕ್ಕಳು ದೂರು ಹೇಳಬಹುದು, ಅದನ್ನು ಕೇಳಿ’ ಎಂದು ನಿಮ್ಮ ಬಾಯಿಂದ ಬಂದರೆ ಅದಕ್ಕಿರುವ ತೂಕ ನನ್ನ ಈ ಬರಹಕ್ಕೆ ಎಂದೂ ಬರುವುದಿಲ್ಲ.

ಬಾಲ್ಯದಲ್ಲಿ ನೊಂದು ಈಗ ದೊಡ್ಡವರಾಗಿರುವವರೂ ಇದನ್ನು ಓದುತ್ತಿರಬಹುದು. ಅಂದು ಆದದ್ದರಲ್ಲಿ ನಿಮ್ಮ ತಪ್ಪು ಎಳ್ಳಷ್ಟೂ ಇಲ್ಲ. ವರ್ಷಗಳು ಕಳೆದವು ಎಂಬ ಒಂದೇ ಕಾರಣಕ್ಕೆ ಗಂಭೀರ ಅಪರಾಧದ ದೂರನ್ನು ಕಾನೂನು ತಿರಸ್ಕರಿಸುವುದಿಲ್ಲ. ದೂರು ಕೊಡುವುದು, ಕೊಡದಿರುವುದು ನಿಮಗೆ ಬಿಟ್ಟದ್ದು. ಒಬ್ಬರ ಹತ್ತಿರವಾದರೂ ಮಾತನಾಡಿ. ಉಳಿದವರಲ್ಲಿ ನನ್ನ ಕೋರಿಕೆ ಇಷ್ಟೆ: ನೊಂದ ಮಗುವಿನ ಹೆಸರು, ಊರು, ಶಾಲೆ, ಫೋಟೊ ಯಾವುದೂ ನಿಮ್ಮ ಮೊಬೈಲಿನಿಂದ ಮುಂದಕ್ಕೆ ಹೋಗದಿರಲಿ. ಅದು ಕಾಯಿದೆಯ ಪ್ರಕಾರವೂ ಅಪರಾಧ. ಆ ಕುಟುಂಬ ನಾಳೆ ಅಂಗಡಿಗೆ, ಜಾತ್ರೆಗೆ, ಚರ್ಚಿಗೆ ಬಂದಾಗ ಮೊದಲಿನಂತೆಯೇ ಮಾತನಾಡಿಸಿ. ದೂರು ಕೊಟ್ಟ ಮನೆಯನ್ನು ಊರು ಕೈಬಿಡಲಿಲ್ಲ ಎಂದು ಇನ್ನೊಂದು ಮನೆ ಕಂಡರೆ ಅವರಿಗೂ ಬಾಯಿ ಬರುತ್ತದೆ.

ನಿಮ್ಮ ಪಂಚಾಯ್ತಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ನಡೆಯುತ್ತದೆ. ಈ ಸಲ ಅಲ್ಲಿ ನೀರು, ಶೌಚಾಲಯ, ಆಟದ ಮೈದಾನದ ಜೊತೆಗೆ ಈ ವಿಷಯವನ್ನೂ ಮಕ್ಕಳು ಕೇಳಲಿ. ಆಶಾ ಕಾರ್ಯಕರ್ತೆಯರೇ, ಅಂಗನವಾಡಿಯ ಅಕ್ಕಂದಿರೇ, ಮನೆಮನೆಗೆ ಹೋಗುವವರು ನೀವು, ದಯವಿಟ್ಟು ಜೊತೆಗೂಡಿ. ಮಕ್ಕಳ ಸಹಾಯವಾಣಿ 1098. ಹಗಲು ರಾತ್ರಿ ಇರುತ್ತದೆ, ಹಣ ಬೇಡ, ಮಗುವೇ ಕರೆ ಮಾಡಬಹುದು. ತುರ್ತಿಗೆ 112. ಈ ಎರಡು ಸಂಖ್ಯೆಗಳನ್ನು ಈ ವಾರವೇ ನಿಮ್ಮ ಚರ್ಚಿನ ಬಾಗಿಲಲ್ಲಿ, ಮಠದ ದಾಸೋಹದ ಗೋಡೆಯ ಮೇಲೆ, ಮದರಸಾದ ಕಟ್ಟೆಯ ಬಳಿ, ಹಾಸ್ಟೆಲಿನ ಊಟದ ಮನೆಯಲ್ಲಿ ಬರೆಸಿ. ಮಕ್ಕಳ ಕಣ್ಣಿಗೆ ನಿಲುಕುವ ಎತ್ತರದಲ್ಲಿ, ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಸಿ.